ಗಾಲಿ ಮನೆಯಲ್ಲಿ ನೀರು ಸೋರಿದರೆ: ಮೊದಲು ಹುಡುಕಿ, ಆಮೇಲೆ ಬಿಚ್ಚಿ

ವಾಣಿ ವಿಲಾಸ ಸಾಗರದ ಹಿನ್ನೀರಿನ ಕಡೆ ಪರಿಚಯದವರ ತೆಂಗಿನ ತೋಟವಿದೆ. ಅಲ್ಲಿ ಒಂದು ರಾತ್ರಿ ನಮ್ಮ ಕ್ಯಾರವಾನ್ ಟ್ರೇಲರ್ ನಿಲ್ಲಿಸಿ ಮಲಗಿದ್ದೆವು. ಬೆಳಗ್ಗೆ ಮಂಚದಿಂದ ಕಾಲು ಇಳಿಸಿದರೆ ನೆಲ ಮೆತ್ತಗೆ. ಹೆಬ್ಬೆರಳಲ್ಲಿ ಒತ್ತಿದರೆ ಮ್ಯಾಟಿನ ಅಂಚಿನಿಂದ ಪಿಚಕ್ ಅಂತ ನೀರು ಬಂತು. ಹಿಂದಿನ ಸಂಜೆ ಉತ್ತರೆ ಮಳೆ ಚೆನ್ನಾಗಿಯೇ ಹೊಡೆದಿತ್ತು. ಚಾವಣಿ ಸೋರಿದೆ ಅಂದುಕೊಂಡೆ. ದಾವಣಗೆರೆಗೆ ಬಂದು ಚಾವಣಿಯ ಜಾಯಿಂಟಿಗೆಲ್ಲ ಸಿಲಿಕೋನ್ ಬಳಿದೆ. ಹದಿನೈದು ದಿನಕ್ಕೆ ಮತ್ತೆ ಒದ್ದೆ. ಮತ್ತೆ ಬಳಿದೆ. ಮೂರನೇ ಸಲ ಏಣಿ ಹತ್ತಿ ಟ್ಯೂಬ್ ಒತ್ತುತ್ತಿರುವಾಗ ನೆತ್ತಿ ಸುಡುವ ಬಿಸಿಲು. ಮಳೆ ಬಂದು ಹತ್ತು ದಿನವಾಗಿತ್ತು. ಆಗ ಬುದ್ಧಿ ಬಂತು.

ಸೋರುತ್ತಿದ್ದದ್ದು ಗೀಸರ್ ಹಿಂದಿನ ಒಂದು ಎಲ್ಬೋ, ಅಂದರೆ ಪೈಪ್ ತಿರುಗುವ ಮೂಲೆಯ ಜೋಡಣೆ. ಅಲ್ಲಿ ಇಳಿದ ನೀರು ಗೋಡೆ ಒಳಗಿನ ಕಬ್ಬಿಣದ ಚೌಕಟ್ಟಿನ ಮೇಲೆ ಹರಿದು, ಆರಡಿ ಆಚೆ ಮಂಚದ ಹತ್ತಿರ ಹೊರಗೆ ಬರುತ್ತಿತ್ತು. 1907ರಲ್ಲಿ ಮುಗಿದ ಮಾರಿಕಣಿವೆ ಅಣೆಕಟ್ಟು, ಅದೇ ವಾಣಿ ವಿಲಾಸ ಸಾಗರ, 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಮ್ಮ ಗಾಲಿ ಮನೆಗೆ ಅಷ್ಟು ತಾಳ್ಮೆ ಇಲ್ಲ, ತಿಂಗಳಿಗೆರಡು ಸಲ ಕೋಡಿ.

ಮನೆಯಲ್ಲಿ ನಲ್ಲಿ ಸೋರಿದರೆ ಕಣ್ಣಿಗೆ ಕಾಣುತ್ತದೆ. ಟ್ರೇಲರಿನಲ್ಲಿ ಹಾಗಲ್ಲ. ಎಲ್ಲ ಪೈಪೂ ಪ್ಲೈವುಡ್ ಹಿಂದೆ. ನೀರು ಕಂಡ ಜಾಗ ಒಂದು, ಸೋರುವ ಜಾಗ ಇನ್ನೊಂದು. ಸೆಕೆಂಡಿಗೆ ಒಂದು ಹನಿ ಅಂದರೆ ಏನು ಮಹಾ ಅನ್ನಿಸುತ್ತದೆ, ಅಲ್ವಾ? 20 ಹನಿಗೆ ಒಂದು ಎಂ.ಎಲ್. ಅಂತ ಲೆಕ್ಕ ಹಾಕಿ ನೋಡಿ, ದಿನಕ್ಕೆ ನಾಲ್ಕು ಲೀಟರ್ ದಾಟುತ್ತದೆ. ಅಷ್ಟನ್ನೂ ನೆಲದ ಪ್ಲೈ ಕುಡಿಯುತ್ತದೆ.

ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ

ಕೈ ಹಾಕುವ ಮುಂಚೆ ಒಂದು ಹಾಳೆಯಲ್ಲಿ ನಿಮ್ಮ ಟ್ರೇಲರಿನ ಪೈಪ್ ದಾರಿ ಬರೆದುಕೊಳ್ಳಿ. ಸಾಮಾನ್ಯವಾಗಿ ಹೀಗಿರುತ್ತದೆ: ಒಳ್ಳೆ ನೀರಿನ ಟ್ಯಾಂಕ್, ಅದರಿಂದ ಸಣ್ಣ ಜಾಲರಿ ಫಿಲ್ಟರ್, ಆಮೇಲೆ 12 ವೋಲ್ಟಿನ ಪಂಪ್. ಪಂಪ್‌ನಿಂದ ತಣ್ಣೀರಿನ ಪೈಪ್ ಅಡುಗೆ ಸಿಂಕ್, ಬಾತ್‌ರೂಮ್, ಗೀಸರ್‌ಗೆ ಕವಲೊಡೆಯುತ್ತದೆ. ಗೀಸರಿನಿಂದ ಬಿಸಿನೀರಿನ ಪೈಪ್ ವಾಪಸ್. ಬಳಸಿದ ನೀರು ಕೆಳಗಿನ ಕೊಳೆನೀರಿನ ಟ್ಯಾಂಕಿಗೆ, ಟಾಯ್ಲೆಟ್ಟಿನದು ಬೇರೆ ಟ್ಯಾಂಕಿಗೆ. ಹೊರಗಿನ ನಲ್ಲಿಯಿಂದ ನೇರ ನೀರು ಕೊಡಲು ಪಕ್ಕದಲ್ಲಿ ಇನ್ನೊಂದು ಬಾಯಿ.

ಪಂಪಿನ ತಲೆಯಲ್ಲಿ ಒಂದು ಪ್ರೆಷರ್ ಸ್ವಿಚ್ ಇರುತ್ತದೆ. ನಲ್ಲಿ ತೆರೆದರೆ ಪ್ರೆಷರ್ ಬಿದ್ದು ಪಂಪ್ ಶುರುವಾಗುತ್ತದೆ, ಮುಚ್ಚಿದರೆ ಪ್ರೆಷರ್ ಏರಿ ನಿಲ್ಲುತ್ತದೆ. ಸೋರಿಕೆ ಪತ್ತೆಗೆ ನಮಗೆ ಸಿಗುವ ದೊಡ್ಡ ಸಾಕ್ಷಿ ಇದೇ.

ಹಂತ 1: ನೀರು ನಿಲ್ಲಿಸಿ, ಕರೆಂಟ್ ತೆಗೆಯಿರಿ

ಒದ್ದೆ ಕಂಡ ಕೂಡಲೇ ಪಂಪ್ ಆಫ್. ಹೊರಗಿನ ನೀರು ಕೊಟ್ಟಿದ್ದರೆ ಅದನ್ನೂ ಮುಚ್ಚಿ. ಒಂದು ನಲ್ಲಿ ತೆರೆದು ಒಳಗಿನ ಪ್ರೆಷರ್ ಬಿಡಿ.

ಮನೆಯಿಂದ 230 ವೋಲ್ಟ್ ಎಳೆದಿದ್ದರೆ ಪ್ಲಗ್ ಕಿತ್ತುಬಿಡಿ, ಬರೀ ಸ್ವಿಚ್ ಆಫ್ ಸಾಲದು. ಇನ್ವರ್ಟರ್ ಆಫ್ ಮಾಡಿ. ನೆಲಕ್ಕೆ ನೀರು ಹರಡಿದ್ದರೆ ಬ್ಯಾಟರಿಯ ನೆಗೆಟಿವ್ ವೈರನ್ನೂ ತೆಗೆಯಿರಿ. ಟ್ರೇಲರಿನಲ್ಲಿ ವೈರು, ಪೈಪು ಎರಡೂ ಒಂದೇ ಸಂದಿಯಲ್ಲಿ ಓಡುತ್ತವೆ, ಬಾಡಿ ಪೂರ್ತಿ ಲೋಹ. ನಿಮ್ಮ ಗಾಡಿಯಲ್ಲಿ ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪ್ ಆರ್‌ಸಿಸಿಬಿ ಇಲ್ಲದಿದ್ದರೆ ಈ ರಿಪೇರಿ ಜೊತೆಗೇ ಹಾಕಿಸಿ. ಗೀಸರ್ ಗ್ಯಾಸಿನದಾದರೆ ಸಿಲಿಂಡರ್ ವಾಲ್ವ್ ಕೂಡ ಮುಚ್ಚಿ.

ಆಮೇಲೆ ಮ್ಯಾಟ್, ಹಾಸಿಗೆ, ಡ್ರಾಯರ್ ಎಲ್ಲ ಹೊರಗೆ. ಮೊಬೈಲಿನಲ್ಲಿ ಒದ್ದೆ ಇರುವಷ್ಟೂ ಜಾಗದ ಫೋಟೊ ತೆಗೆದಿಟ್ಟುಕೊಳ್ಳಿ, ಅಂಚಿಗೆ ಪೆನ್ಸಿಲಿನಿಂದ ಗೆರೆ ಎಳೆಯಿರಿ. ನಾಳೆ ಆ ಗೆರೆ ದಾಟಿ ಒದ್ದೆ ಬೆಳೆದಿದ್ದರೆ ಇನ್ನೂ ಸೋರುತ್ತಿದೆ ಅಂತ ಅರ್ಥ.

ಹಂತ 2: ಯಾವ ನೀರು ಅಂತ ಪತ್ತೆ ಮಾಡಿ

ನಾನು ತಪ್ಪಿದ್ದು ಇಲ್ಲೇ. ಹಾಗಾಗಿ ನಿಧಾನವಾಗಿ ಹೇಳುತ್ತೇನೆ. ಟ್ರೇಲರಿಗೆ ನೀರು ಬರಲು ಮೂರು ದಾರಿ: ಪ್ರೆಷರ್ ಇರುವ ಪೈಪ್, ಬಳಸಿದ ನೀರು ಹೋಗುವ ಪೈಪ್, ಹೊರಗಿನ ಮಳೆ. ಮೂರನ್ನೂ ಬೇರೆ ಬೇರೆ ದಿನ ಪರೀಕ್ಷೆ ಮಾಡಿ. ಒಟ್ಟಿಗೆ ಮಾಡಿದರೆ ಯಾವುದೂ ಗೊತ್ತಾಗುವುದಿಲ್ಲ.

ಮೊದಲು ಪ್ರೆಷರ್ ಪೈಪ್. ಟ್ಯಾಂಕಿಗೆ ನೀರು ತುಂಬಿ, ಪಂಪ್ ಆನ್ ಮಾಡಿ, ಎಲ್ಲ ನಲ್ಲಿಯಿಂದ ಗಾಳಿ ಹೋಗುವವರೆಗೆ ನೀರು ಬಿಟ್ಟು ಮುಚ್ಚಿ. ಪಂಪ್ ತಾನಾಗಿ ನಿಲ್ಲುತ್ತದೆ. ಈಗ ಸುಮ್ನೆ ಕೂತು ಕಿವಿ ಕೊಡಿ. ರಾತ್ರಿ ಹೊತ್ತಾದರೆ ಒಳ್ಳೆಯದು. ಯಾರೂ ನಲ್ಲಿ ಮುಟ್ಟದೆಯೇ ಹತ್ತು ನಿಮಿಷಕ್ಕೊಮ್ಮೆ ಪಂಪ್ ‘ಟರ್‌ರ್’ ಅಂತ ಒಂದು ಕ್ಷಣ ಓಡಿ ನಿಂತರೆ, ಎಲ್ಲೋ ಪ್ರೆಷರ್ ಹೋಗುತ್ತಿದೆ.

ಆದರೆ ಗಡಿಬಿಡಿ ಬೇಡ. ನೀರು ಹಿಂದಕ್ಕೆ ಬರದಂತೆ ತಡೆಯುವ, ಪಂಪ್ ಒಳಗಿನ ಚೆಕ್ ವಾಲ್ವಿನಲ್ಲಿ ಮರಳಿನ ಕಣವೋ ಸುಣ್ಣದ ಪುಡಿಯೋ ಸಿಕ್ಕಿಕೊಂಡರೆ ನೀರು ಹಿಂದಕ್ಕೆ ಟ್ಯಾಂಕಿಗೇ ಜಾರುತ್ತದೆ. ಆಗಲೂ ಪಂಪ್ ಹೀಗೇ ಓಡುತ್ತದೆ, ಹೊರಗೆ ಒಂದು ಹನಿಯೂ ಬಿದ್ದಿರುವುದಿಲ್ಲ. ನಮ್ಮ ಕಡೆಯ ಬೋರ್ ನೀರಿನ ಗಡಸುತನ ನಿಮಗೆ ಗೊತ್ತೇ ಇದೆ. ಚಿತ್ರದುರ್ಗದ ಕಡೆ ಹೋಗಿ ಎರಡು ದಿನ ಬೋರ್ ನೀರು ತುಂಬಿಸಿದರೆ ಜಾಲರಿಯಲ್ಲಿ ಬಿಳಿ ಪುಡಿ ಕೂತಿರುತ್ತದೆ. ಇದನ್ನು ತಿಳಿಯಲು ಪಂಪಿನ ಮುಂದೆಯೇ ಒಂದು ಬಾಲ್ ವಾಲ್ವ್ ಇರಬೇಕು. ಇಲ್ಲದಿದ್ದರೆ ಹಾಕಿಸಿ. ಆ ವಾಲ್ವ್ ಮುಚ್ಚಿದ ಮೇಲೂ ಪಂಪ್ ಆಗಾಗ ಓಡಿದರೆ ತಪ್ಪು ಪಂಪಿನದು. ಓಡದಿದ್ದರೆ ಸೋರಿಕೆ ಮುಂದಿನ ಪೈಪಿನಲ್ಲಿದೆ. ಹೀಗೆಯೇ ಗೀಸರಿನ ಎರಡೂ ಕಡೆಯ ವಾಲ್ವ್ ಮುಚ್ಚಿ ಮತ್ತೆ ಕೇಳಿ. ಒಂದೊಂದೇ ಕವಲನ್ನು ಬೇರೆ ಮಾಡುತ್ತಾ ಹೋದರೆ ಅರ್ಧ ಗಂಟೆಯಲ್ಲಿ ಅಪರಾಧಿ ಯಾವ ಮೂಲೆಯಲ್ಲಿದ್ದಾನೆ ಅಂತ ತಿಳಿಯುತ್ತದೆ.

ಕವಲು ಗೊತ್ತಾಯಿತು, ಆದರೆ ಜಾಯಿಂಟ್ ಯಾವುದು? ಇದಕ್ಕೆ ನಮ್ಮ ಮನೆಯಾಕೆಯ ಉಪಾಯ ನಾನು ಕಂಡ ಎಲ್ಲ ಉಪಕರಣಕ್ಕಿಂತ ಚೆನ್ನಾಗಿದೆ. ಅನುಮಾನದ ಪೈಪನ್ನು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ಒಣಗಿಸಿ. ಕೆಳಗೆ ಹಳೇ ನ್ಯೂಸ್‌ಪೇಪರ್ ಹಾಸಿ, ಅದರ ಮೇಲೆ ಜರಡಿ ಹಿಡಿದ ಹಾಗೆ ಒಣ ರಂಗೋಲಿ ಪುಡಿ ತೆಳ್ಳಗೆ ಉದುರಿಸಿ. ನೀಲಿ ಬಣ್ಣದ್ದಾದರೆ ಇನ್ನೂ ಒಳ್ಳೆಯದು. ಪಂಪ್ ಆನ್ ಮಾಡಿ ಹೋಗಿ ಕಾಫಿ ಕುಡಿದು ಬನ್ನಿ. ಹನಿ ಬಿದ್ದ ಜಾಗದಲ್ಲಿ ಸಾಸಿವೆಯಷ್ಟು ಗುಳಿ, ಅದರ ಸುತ್ತ ಗಾಢ ಉಂಗುರ. ನೇರ ಮೇಲೆ ಟಾರ್ಚ್ ಹಿಡಿದು ನೋಡಿ. ಪೈಪಿನ ಕೆಳಗೆ ಹನಿ ತೂಗುತ್ತಿದ್ದರೆ ಅಲ್ಲಿಂದ ಬೆರಳಿಟ್ಟು ಎತ್ತರದ ಕಡೆಗೆ ಸವರುತ್ತಾ ಹೋಗಿ. ಬೆರಳು ಎಲ್ಲಿ ಒಣಗುತ್ತದೋ ಅದರ ಹಿಂದಿನ ಜಾಯಿಂಟೇ ಕಳ್ಳ. ನಮ್ಮ ಎಲ್ಬೋ ಸಿಕ್ಕಿದ್ದು ಹೀಗೆ: ಕೂದಲೆಳೆಯಂಥ ಒಂದು ಬಿರುಕು, ಅದರ ಸುತ್ತ ಬಿಳಿ ಸುಣ್ಣದ ಗೆರೆ. ಸುಣ್ಣ ಕಟ್ಟಿದೆ ಅಂದರೆ ತಿಂಗಳುಗಟ್ಟಲೆಯಿಂದ ಸೋರುತ್ತಿದೆ.

ಬಳಸಿದ ನೀರಿನ ಪೈಪಿಗೆ ಪ್ರೆಷರ್ ಇಲ್ಲ, ಹಾಗಾಗಿ ಪಂಪ್ ಏನೂ ಹೇಳುವುದಿಲ್ಲ. ಸಿಂಕಿಗೆ ಮುಚ್ಚಳ ಹಾಕಿ ತುಂಬಾ ನೀರು ನಿಲ್ಲಿಸಿ, ಮಿಠಾಯಿಗೆ ಹಾಕುವ ಕೆಂಪು ಬಣ್ಣ ಒಂದು ಚಿಟಿಕೆ ಬೆರೆಸಿ, ಒಂದೇ ಸಲ ಬಿಡಿ. ಕೆಳಗೆ ಕೆಂಪು ಕಂಡರೆ ಅಲ್ಲಿಯೇ. ಸಾಮಾನ್ಯವಾಗಿ ಸಿಂಕಿನ ಕೆಳಗಿನ ಬಾಗಿದ ಪೈಪಿನ ನಟ್ಟು ರಸ್ತೆಯ ಅದುರಾಟಕ್ಕೆ ಸಡಿಲವಾಗಿರುತ್ತದೆ. ಕೈಯಲ್ಲೇ ಬಿಗಿ ಮಾಡಿದರೆ ಸಾಕು, ಪಾನಾ ಹಾಕಿ ತಿರುವಿದರೆ ಪ್ಲಾಸ್ಟಿಕ್ ನಟ್ಟು ಒಡೆಯುತ್ತದೆ.

ಕೊನೆಗೆ ಮಳೆ. ಗಾರ್ಡನ್ ಪೈಪಿನಿಂದ ಮೆಲ್ಲಗೆ ನೀರು ಬಿಡಿ, ಕೆಳಗಿನಿಂದ ಮೇಲಕ್ಕೆ. ಮೊದಲು ಕಿಟಕಿಯ ಕೆಳ ಅಂಚು, ಹತ್ತು ನಿಮಿಷ. ಆಮೇಲೆ ಮೇಲಿನ ಅಂಚು. ಕೊನೆಗೆ ಚಾವಣಿಯ ಗಾಳಿ ಕಿಂಡಿ, ಸೋಲಾರ್ ಪ್ಯಾನಲ್ಲಿನ ಸ್ಕ್ರೂ, ಎಸಿ ಕೂತಿರುವ ಜಾಗ. ಮೇಲಿಂದ ಶುರುಮಾಡಿದರೆ ಇಳಿಯುವ ನೀರು ಎಲ್ಲವನ್ನೂ ಒದ್ದೆ ಮಾಡಿ ಗೊಂದಲ ಎಬ್ಬಿಸುತ್ತದೆ. ಒಳಗೆ ಒಬ್ಬರು ಟಾರ್ಚ್ ಹಿಡಿದು ನಿಂತಿರಲಿ. ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ಗನ್ ಮಾತ್ರ ಬೇಡ. ಅದು ಗಟ್ಟಿ ಇರುವ ಸೀಲನ್ನೂ ಎಬ್ಬಿಸುತ್ತದೆ.

ಹಂತ 3: ರಿಪೇರಿ

ಇಲ್ಲಿ ಕಟ್ಟಿಸಿದ ಟ್ರೇಲರ್‌ಗಳಲ್ಲಿ ಜಾಸ್ತಿ ಕಾಣುವುದು ಮನೆಗೆ ಹಾಕುವ ಸಿಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್ ಪೈಪೇ. ಮನೆಗೆ ಒಳ್ಳೆಯದು, ಬಿಸಿನೀರೂ ತಾಳುತ್ತದೆ. ಆದರೆ ಮನೆ ಓಡಾಡುವುದಿಲ್ಲ. ರಸ್ತೆಯ ಪ್ರತಿ ಹಂಪ್ ದಾಟುವಾಗ ಪೈಪ್ ಎಗರುತ್ತದೆ, ಆ ಪೆಟ್ಟು ಎಲ್ಬೋದ ಕುತ್ತಿಗೆಗೆ ಬೀಳುತ್ತದೆ. ಬಿರುಕು ಬಿಟ್ಟ ಸಿಪಿವಿಸಿ ಮೇಲೆ ಎಂ-ಸೀಲ್ ಮೆತ್ತುವುದು ತೋಟದಿಂದ ಊರಿಗೆ ಬರುವವರೆಗೆ ಸರಿ, ಅದೂ ಜಾಗ ಪೂರ್ತಿ ಒಣಗಿದ್ದರೆ. ಊರಿಗೆ ಬಂದ ಮೇಲೆ ಕತ್ತರಿಸಲೇಬೇಕು.

ಎಲ್ಬೋದ ಎರಡೂ ಕಡೆ ಮೂರು ಇಂಚು ಬಿಟ್ಟು ಪೈಪ್ ನೇರವಾಗಿ ಕತ್ತರಿಸಿ. ಓರೆಯಾದರೆ ಫಿಟ್ಟಿಂಗ್ ಒಳಗೆ ಪೂರ್ತಿ ಕೂರುವುದಿಲ್ಲ. ಅಂಚಿನ ಸಿಬಿರನ್ನು ಬ್ಲೇಡಿನಿಂದ ಕೆರೆದು, ಒಳಗಿನ ನೀರನ್ನು ಬಟ್ಟೆ ತುರುಕಿ ತೆಗೆಯಿರಿ. ಹನಿ ನೀರಿದ್ದರೂ ಪೈಪ್ ಅಂಟಿಸುವ ಸಲ್ಯೂಷನ್ ಹಿಡಿಯುವುದಿಲ್ಲ. ಮೊದಲು ಒಣದಾಗಿ ಜೋಡಿಸಿ ನೋಡಿ, ಪೈಪಿನ ಮೇಲೆ ಗೆರೆ ಹಾಕಿಕೊಳ್ಳಿ. ಆಮೇಲೆ ಸಿಪಿವಿಸಿಗೇ ಅಂತ ಇರುವ ಸಲ್ಯೂಷನ್ ಎರಡೂ ಕಡೆ ತೆಳ್ಳಗೆ ಹಚ್ಚಿ, ಒಳಗೆ ತಳ್ಳುತ್ತಾ ಕಾಲು ಸುತ್ತು ತಿರುಗಿಸಿ, ಅರ್ಧ ನಿಮಿಷ ಅದುಮಿ ಹಿಡಿಯಿರಿ. ಬಿಟ್ಟರೆ ಪೈಪ್ ತಾನಾಗಿ ಹೊರಗೆ ಜಾರುತ್ತದೆ. ಬಿಳಿ ಪಿವಿಸಿ ಪೈಪಿನ ಸಲ್ಯೂಷನ್ ಮನೆಯಲ್ಲಿ ಉಳಿದಿದೆ ಅಂತ ಅದನ್ನೇ ಬಳಸಬೇಡಿ. ಒಂದು ದಿನ ಪೂರ್ತಿ ಬಿಟ್ಟು ಆಮೇಲೆ ಪಂಪ್ ಆನ್ ಮಾಡಿ. ಕಿಟಕಿ ಬಾಗಿಲು ತೆರೆದಿರಲಿ, ಅದರ ವಾಸನೆ ತಲೆ ಸುತ್ತಿಸುತ್ತದೆ, ಹತ್ತಿರ ಬೆಂಕಿಯೂ ಬೇಡ.

ಪಿ.ಬಿ. ರಸ್ತೆ ಪಕ್ಕದ ಗ್ಯಾರೇಜಿನ ಮಿಸ್ತ್ರಿಯೊಬ್ಬರು ನನ್ನ ಕೆಲಸ ನೋಡಿ ನಕ್ಕರು. ‘ಅಣ್ಣಾ, ಎಲ್ಬೋ ಬದಲಿಸಿದ್ರಿ ಸರಿ. ಪೈಪ್ ಕುಣಿಯೋದು ನಿಲ್ಲಿಸಿಲ್ಲಲ್ರೀ’ ಅಂದರು. ಅವರು ಹೇಳಿದಂತೆ ಒಂದೊಂದು ಅಡಿಗೆ ಒಂದು ಕ್ಲ್ಯಾಂಪ್ ಹಾಕಿದೆ, ಕ್ಲ್ಯಾಂಪಿನೊಳಗೆ ಹಳೇ ಸೈಕಲ್ ಟ್ಯೂಬಿನ ತುಂಡು. ಪಂಪಿಗೂ ಪೈಪಿಗೂ ನಡುವೆ, ಗೀಸರಿನ ಎರಡೂ ಬಾಯಿಗೆ, ಹೆಣಿಗೆ ಇರುವ ಬಾಗುವ ಹೋಸ್ ಹಾಕಿದೆ. ಪಂಪಿನ ಅದುರಾಟ ಅಲ್ಲೇ ಸತ್ತುಹೋಗುತ್ತದೆ. ಪೂರ್ತಿ ಹೊಸದಾಗಿ ಮಾಡಿಸುವವರು ಸಿಪಿವಿಸಿ ಬಿಟ್ಟು ಪೆಕ್ಸ್ ಎಂಬ ಪ್ಲಾಸ್ಟಿಕ್ ಪೈಪ್ ಹಾಕಿಸಿ. ಅದು ಬಾಗುತ್ತದೆ, ಎಲ್ಬೋ ಕಡಿಮೆ ಸಾಕು. ಎಲ್ಬೋ ಕಡಿಮೆಯಾದಷ್ಟು ಸೋರುವ ಜಾಗವೂ ಕಡಿಮೆ.

ಥ್ರೆಡ್ ಇರುವ ಜಾಯಿಂಟ್ ಸೋರಿದರೆ ಬಿಚ್ಚಿ, ಹಳೇ ಟೇಪ್ ಪೂರ್ತಿ ತೆಗೆದು, ಟೆಫ್ಲಾನ್ ಟೇಪನ್ನು ಬಿಗಿಯುವ ದಿಕ್ಕಿಗೇ ಎಂಟು ಹತ್ತು ಸುತ್ತು ಸುತ್ತಿ. ಉಲ್ಟಾ ಸುತ್ತಿದರೆ ಬಿಗಿಯುವಾಗ ಬಿಚ್ಚಿಕೊಳ್ಳುತ್ತದೆ. ಒಳಗೆ ರಬ್ಬರ್ ವಾಷರ್ ಇರುವ ಹೋಸಿನ ನಟ್ಟಿಗೆ ಟೇಪ್ ಬೇಡ, ಅಲ್ಲಿ ವಾಷರ್ ಬದಲಿಸಿದರೆ ಮುಗಿಯಿತು.

ಗೀಸರಿನ ಪಕ್ಕದ ಸಣ್ಣ ಸೇಫ್ಟಿ ವಾಲ್ವಿನಿಂದ ನೀರು ಕಾಯುವಾಗ ಎರಡು ಹನಿ ಬಿದ್ದರೆ ಹೆದರಬೇಡಿ. ಕಾದ ನೀರು ಹಿಗ್ಗುತ್ತದೆ, ಆ ಪ್ರೆಷರ್ ಹೋಗಲು ಅದೇ ದಾರಿ. ಅದಕ್ಕೆ ಬಿರಡೆ ಹಾಕುವ ಜಾಣತನ ಯಾರೂ ಮಾಡಬಾರದು, ಗೀಸರೇ ಸಿಡಿಯಬಹುದು. ತಣ್ಣಗಿರುವಾಗಲೂ ಸುರಿಯುತ್ತಿದ್ದರೆ ವಾಲ್ವ್ ಬದಲಿಸಿ.

ಹೊರಗಿನ ನೀರು ಕೊಡುವವರಿಗೆ ಒಂದು ಮಾತು. ಹತ್ತು ಮೀಟರ್ ಎತ್ತರದ ಓವರ್‌ಹೆಡ್ ಟ್ಯಾಂಕಿನಿಂದ ಬರುವುದು ಒಂದು ಕೆ.ಜಿ. ಪ್ರೆಷರ್ ಅಷ್ಟೇ, ಭಯವಿಲ್ಲ. ಆದರೆ ಈಗ ಲಾಡ್ಜ್, ರೆಸಾರ್ಟ್‌ಗಳಲ್ಲಿ ಪ್ರೆಷರ್ ಪಂಪ್ ಇರುತ್ತದೆ. ಅಲ್ಲಿ ನೇರವಾಗಿ ಚುಚ್ಚಿದರೆ ನಿಮ್ಮ ಜಾಯಿಂಟುಗಳ ಗತಿ ಅಷ್ಟೇ. ಬಾಯಿಗೆ ಒಂದು ಪ್ರೆಷರ್ ರೆಗ್ಯುಲೇಟರ್ ಹಾಕಿ ಮೂರು ಕೆ.ಜಿ. ಒಳಗೆ ಇಡಿ. ಮಲಗುವಾಗ, ಊರು ಸುತ್ತಲು ಹೋಗುವಾಗ ಹೊರಗಿನ ನಲ್ಲಿ ಮುಚ್ಚಿ. ಟ್ಯಾಂಕಿನ ನೀರು ಸೋರಿದರೆ ನೂರು ಲೀಟರಿಗೆ ಮುಗಿಯುತ್ತದೆ, ಹೊರಗಿನ ನಲ್ಲಿಗೆ ಕೊನೆಯೇ ಇಲ್ಲ.

ಚಾವಣಿ ಸೋರಿಕೆಯೇ ಆಗಿದ್ದರೆ ಹಳೇ ಸಿಲಿಕೋನ್ ಪೂರ್ತಿ ಕೆರೆದು ತೆಗೆಯಿರಿ, ಅದರ ಮೇಲೆ ಬೇರೆ ಯಾವುದೂ ಅಂಟುವುದಿಲ್ಲ. ನಾನು ಮೂರು ಪದರ ಕೆರೆಯಲು ಒಂದು ಭಾನುವಾರ ಪೂರ್ತಿ ಕಳೆದೆ. ಫಿಟ್ಟಿಂಗ್ ಕೆಳಗೆ ಬ್ಯುಟೈಲ್ ಟೇಪ್ (ರಬ್ಬರಿನಂಥ ಅಂಟು ಪಟ್ಟಿ), ಮೇಲೆ ಪಿಯು (ಪಾಲಿಯುರೆಥೇನ್) ಸೀಲಂಟ್ ಹಾಕಿ.

ಹಂತ 4: ಒಣಗಿಸುವುದು

ಸೋರಿಕೆ ನಿಂತ ಖುಷಿಗೆ ಎಲ್ಲರೂ ಹಲಗೆ ಮುಚ್ಚಿಬಿಡುತ್ತಾರೆ. ಟ್ರೇಲರ್ ಹಾಳಾಗುವುದು ಇಲ್ಲಿಂದಲೇ. ಒದ್ದೆ ಮರಕ್ಕೆ ಒಂದೆರಡು ದಿನದಲ್ಲೇ ಬೂಷ್ಟು ಶುರುವಾಗುತ್ತದೆ.

ಸ್ಕ್ರೂಡ್ರೈವರಿನ ತುದಿಯಿಂದ ನೆಲದ ಪ್ಲೈ ಚುಚ್ಚುತ್ತಾ ಬನ್ನಿ. ಗಟ್ಟಿ ಇದ್ದರೆ ಟಕ್ ಅನ್ನುತ್ತದೆ. ನೆನೆದ ಮಂಡಕ್ಕಿಗೆ ಬೆರಳಿಟ್ಟಂತೆ ಒಳಗೆ ಹೋದರೆ ಆ ತುಂಡು ಹೋಯಿತು. ಹೊಟ್ಟಿನಿಂದ ಮಾಡಿದ ಪಾರ್ಟಿಕಲ್ ಬೋರ್ಡ್ ಒಮ್ಮೆ ಊದಿದರೆ ಒಣಗಿದರೂ ಬಲ ಬರುವುದಿಲ್ಲ, ಯೋಚನೆ ಮಾಡದೆ ಕೀಳಿ. ಗೋಡೆಯೊಳಗೆ ಗ್ಲಾಸ್‌ವುಲ್ ಇದ್ದು ನೆನೆದಿದ್ದರೆ ಅದನ್ನೂ ಬಿಸಾಡಿ. ಥರ್ಮಾಕೋಲ್ ಆದರೆ ತೆಗೆದು ಒರೆಸಿ ಮತ್ತೆ ಹಾಕಬಹುದು, ಆದರೆ ಅದರ ಹಿಂದೆ ನೀರು ನಿಂತಿರುತ್ತದೆ, ತೆಗೆಯದೆ ಬಿಡಬೇಡಿ.

ನಮ್ಮೂರಿನ ಏಪ್ರಿಲ್ ಬಿಸಿಲಿದ್ದರೆ ನಿಮ್ಮ ಅದೃಷ್ಟ. ಎಲ್ಲ ಕಿಟಕಿ, ಡಬ್ಬಿ ಬಾಗಿಲು ತೆರೆದು, ಎರಡು ಟೇಬಲ್ ಫ್ಯಾನ್ ಇಡಿ: ಒಂದು ಒಳಗೆ ಊದಲು, ಇನ್ನೊಂದು ಹೊರಗೆ ಎಳೆಯಲು. ಮಳೆಗಾಲದಲ್ಲಿ ವಾರ ಹತ್ತು ದಿನವಾದರೂ ಬೇಕು. ಪೂರ್ತಿ ಒಣಗಿದೆಯಾ ಅಂತ ಕೈ ಮುಟ್ಟಿ ಹೇಳುವುದು ನಂಬಬೇಡಿ. ತೇವ ಅಳೆಯುವ ಸಣ್ಣ ಮೀಟರ್ ಸಿಗುತ್ತದೆ. 15 ಶೇಕಡಾಕ್ಕಿಂತ ಕೆಳಗೆ ಬಂದರೆ ಸರಿ, 20 ದಾಟಿದ್ದರೆ ಇನ್ನೂ ಕಾಯಿರಿ. ಮೀಟರ್ ಇಲ್ಲವಾದರೆ ಒಂದಡಿ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಪ್ಲೈಗೆ ಟೇಪ್ ಮಾಡಿ ರಾತ್ರಿ ಬಿಡಿ. ಬೆಳಗ್ಗೆ ಒಳಮೈಯಲ್ಲಿ ಮಂಜು ಕಟ್ಟಿದ್ದರೆ ನೀರು ಇನ್ನೂ ಒಳಗೇ ಇದೆ.

ಬೂಷ್ಟು ಕಂಡರೆ ಎನ್95 ಮಾಸ್ಕ್, ಗ್ಲೌಸ್ ಹಾಕಿ, ಸೋಪಿನ ನೀರಲ್ಲಿ ಉಜ್ಜಿ, ಒರೆಸಿ, ಒಣಗಿಸಿ. ಒಣ ಬ್ರಷ್ ಹಾಕಿ ಉಜ್ಜಿದರೆ ಪುಡಿ ಇಡೀ ಗಾಡಿಗೆ ಹರಡುತ್ತದೆ. ಬ್ಲೀಚಿಂಗ್ ದ್ರವವನ್ನೂ ಟಾಯ್ಲೆಟ್ ತೊಳೆಯುವ ಆಸಿಡ್ಡನ್ನೂ ಎಂದೂ ಬೆರೆಸಬೇಡಿ. ಕ್ಲೋರಿನ್ ಗ್ಯಾಸ್ ಏಳುತ್ತದೆ, ಟ್ರೇಲರಿನಂಥ ಡಬ್ಬಿಯಲ್ಲಿ ಅದು ಜೀವಕ್ಕೇ ಅಪಾಯ.

ಹಂತ 5: ಹೊಸ ನೆಲ

ಹಾಳಾದ ಪ್ಲೈಯನ್ನು ಕೆಳಗಿನ ಚೌಕಟ್ಟಿನ ಪಟ್ಟಿಯ ಮಧ್ಯದವರೆಗೆ ಕತ್ತರಿಸಿ, ಹೊಸ ತುಂಡಿನ ಅಂಚು ಕೂರಲು ಜಾಗ ಬೇಕಲ್ಲ. ಗರಗಸದ ಆಳ ಪ್ಲೈನ ದಪ್ಪಕ್ಕೇ ಸೆಟ್ ಮಾಡಿ. ಕೆಳಗೆ ವೈರು ಓಡಿರಬಹುದು. ತುಕ್ಕು ಹಿಡಿದ ಕಬ್ಬಿಣವನ್ನು ತಂತಿ ಬ್ರಷ್‌ನಿಂದ ಉಜ್ಜಿ ರೆಡ್ ಆಕ್ಸೈಡ್ ಬಳಿಯಿರಿ.

ದಾವಣಗೆರೆಯ ಮಂಡಿಪೇಟೆ ಕಡೆ ಪ್ಲೈ ಕೇಳಲು ಹೋದರೆ ಮೊದಲು ಕಮರ್ಷಿಯಲ್ ಪ್ಲೈ ತೋರಿಸುತ್ತಾರೆ. ನೀವು ‘710 ಮೆರೈನ್’ ಅಂತಲೇ ಕೇಳಿ, ಹಲಗೆ ಮೇಲೆ ಐಎಸ್ 710 ಮುದ್ರೆ ನೋಡಿ. ದುಡ್ಡು ಜಾಸ್ತಿ. ಬೇಕಾಗಿರುವುದು ಒಂದೆರಡು ತುಂಡು ಮಾತ್ರ, ಜಿಪುಣತನ ಮಾಡಬೇಡಿ. ಮೆರೈನ್ ಪ್ಲೈ ಆದರೂ ಕತ್ತರಿಸಿದ ಅಂಚಿನಿಂದ ನೀರು ಕುಡಿಯುತ್ತದೆ. ನಾಲ್ಕೂ ಅಂಚಿಗೆ ಎಪಾಕ್ಸಿಯನ್ನೋ ಎರಡು ಕೋಟ್ ವುಡ್ ಪ್ರೈಮರನ್ನೋ ಹಚ್ಚಿ. ಮೊಳೆ ಬೇಡ, ಸ್ಟೀಲ್ ಸ್ಕ್ರೂ ಹಾಕಿ. ಪಂಪ್, ಗೀಸರ್ ಮುಂದಿನ ಹಲಗೆಯನ್ನು ಮಾತ್ರ ಅಂಟಿಸಬೇಡಿ. ನಾಲ್ಕು ಸ್ಕ್ರೂ ತೆಗೆದರೆ ಕೈಗೆ ಬರುವಂತಿರಲಿ.

ಪೈಪ್ ಬಿಚ್ಚಿದ್ದರಿಂದ ಟ್ಯಾಂಕ್ ಕೂಡ ತೊಳೆಯಬೇಕು. ಘಮ ಇಲ್ಲದ 5 ಶೇಕಡಾ ಸೋಡಿಯಂ ಹೈಪೋಕ್ಲೋರೈಟ್ ದ್ರವ ಲೀಟರ್ ನೀರಿಗೆ ಒಂದು ಎಂ.ಎಲ್. ಲೆಕ್ಕ. ನೂರು ಲೀಟರ್ ಟ್ಯಾಂಕಿಗೆ ನೂರು ಎಂ.ಎಲ್. ಪ್ರತಿ ನಲ್ಲಿಯಲ್ಲೂ ಕ್ಲೋರಿನ್ ವಾಸನೆ ಬರುವವರೆಗೆ ಬಿಟ್ಟು, ನಾಲ್ಕು ಗಂಟೆ ನಿಲ್ಲಿಸಿ, ಆಮೇಲೆ ವಾಸನೆ ಹೋಗುವವರೆಗೆ ಒಳ್ಳೆ ನೀರು ಹರಿಸಿ. ಪಂಪಿನ ಜಾಲರಿಯಲ್ಲಿ ಸುಣ್ಣ ಕಟ್ಟಿದ್ದರೆ ಅದನ್ನು ಬೇರೆಯಾಗಿ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿದ ನೀರಲ್ಲಿ ನೆನೆಸಿ ತೊಳೆಯಿರಿ. ಕ್ಲೋರಿನ್ ನೀರಿನ ಜೊತೆ ಅದೂ ಬೆರೆಯಬಾರದು.

ಹಂತ 6: ರಸ್ತೆ ಮೇಲೆ ಪರೀಕ್ಷೆ

ಅಂಗಳದಲ್ಲಿ ಸೋರದ ಜಾಯಿಂಟ್ ರಸ್ತೆಯಲ್ಲಿ ಸೋರುತ್ತದೆ. ಟ್ಯಾಂಕ್ ಅರ್ಧ ತುಂಬಿ, ಪ್ರತಿ ಹೊಸ ಜಾಯಿಂಟಿನ ಕೆಳಗೆ ಪೇಪರ್ ಟೇಪ್ ಮಾಡಿ, ಪಂಪ್ ಆನ್ ಇಟ್ಟು ಕೊಂಡಜ್ಜಿ ಕೆರೆಯವರೆಗೆ ಎಳೆದುಕೊಂಡು ಹೋದೆ. ಹಂಪುಗಳನ್ನು ತಪ್ಪಿಸಲಿಲ್ಲ, ಬೇಕಂತಲೇ ದಾಟಿದೆ. ಕೆರೆ ಹತ್ತಿರ ನಿಲ್ಲಿಸಿ ನಾಲ್ಕು ಸ್ಕ್ರೂ ಬಿಚ್ಚಿ ನೋಡಿದರೆ ಗೀಸರ್ ಹಿಂದಿನ ಪೇಪರ್ ಒಣಗಿತ್ತು. ಸಿಂಕಿನ ಕೆಳಗಿನದಕ್ಕೆ ಮಾತ್ರ ಎಂಟಾಣೆಯಷ್ಟು ಒದ್ದೆ. ನಟ್ಟನ್ನು ಕೈಯಲ್ಲಿ ಅರ್ಧ ಸುತ್ತು ತಿರುವಿ, ಹೊಸ ಪೇಪರ್ ಅಂಟಿಸಿ, ಅದೇ ಹಂಪುಗಳ ಮೇಲೆ ವಾಪಸ್ ಬಂದೆವು.